ಹಳೆಯ ಲಿವರ್ ರೈಫಲ್ಲಿಗೆ ಯಾವ ತೋಟಾ?



ಕೆನೆತ್ ಆಂಡರ್ಸನ್ನರ ಶಿಕಾರಿ ಅನುಭವಗಳನ್ನು ಪೂರ್ಣಚಂದ್ರ ತೇಜಸ್ವಿಯವರ ಕನ್ನಡದಲ್ಲಿ ಓದಿದವರಿಗೆ ಒಂದು ರೈಫಲ್ಲಿನ ಪರಿಚಯ ಇದ್ದೇ ಇರುತ್ತದೆ. ಬೆಂಗಳೂರಿನಲ್ಲಿ ಬಾಳಿ 1974ರಲ್ಲಿ ತೀರಿಕೊಂಡ ಆಂಡರ್ಸನ್ನರು ನರಭಕ್ಷಕಗಳ ಬೆನ್ನು ಹತ್ತಿ ಹೋಗುವಾಗ ಅವರ ಕೈಯಲ್ಲಿರುತ್ತಿದ್ದುದು ಅಮೆರಿಕದ 405 ವಿಂಚೆಸ್ಟರ್. ಟ್ರಿಗರಿನ ಸುತ್ತ ಬಳೆಯಂಥ ಉಕ್ಕಿನ ಹಿಡಿ. ಅದನ್ನು ಕೆಳಕ್ಕೆ ದೂಡಿ ಮೇಲಕ್ಕೆಳೆದರೆ ಹಳೆಯ ತೋಟಾದ ಓಡು ಹೊರಕ್ಕೆ ಹಾರಿ ಹೊಸ ತೋಟಾ ಒಳಗೆ ಕೂರುತ್ತದೆ. ಆ ಹಿಡಿಯೇ ಲಿವರ್. ಹಾಲಿವುಡ್ಡಿನ ಕೌಬಾಯ್ ಚಿತ್ರಗಳಲ್ಲಿ ಕುದುರೆ ಸವಾರರು ಬಳಸುವುದೂ ಇದೇ ಜಾತಿಯ ರೈಫಲ್ಲನ್ನು.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೊಂದಿಗೆ ಶಿಕಾರಿಯ ಕಾಲ ಮುಗಿಯಿತು. ಆದರೆ ಈ ರೈಫಲ್ಲುಗಳ ತವರಾದ ಅಮೆರಿಕದಲ್ಲಿ ನೂರು ವರ್ಷ ದಾಟಿದ ಸಾವಿರಾರು ರೈಫಲ್ಲುಗಳು ಇಂದಿಗೂ ಮನೆಗಳಲ್ಲಿವೆ. ಅಜ್ಜನಿಂದ ಮೊಮ್ಮಗನಿಗೆ ಬಂದದ್ದು ಕೆಲವು, ಹರಾಜಿನಲ್ಲಿ ಕೊಂಡದ್ದು ಕೆಲವು. ಅವುಗಳನ್ನು ಗುರಿ ಅಭ್ಯಾಸದ ಮೈದಾನಕ್ಕೆ ಒಯ್ದು ಹಾರಿಸುವ ಹವ್ಯಾಸಿಗಳೂ ಬಹಳ. ನಳಿಗೆಯ ಮೇಲೆ 45-70 ಎಂದು ಕೊರೆದಿದೆ, ಅಂಗಡಿಯ ಪೆಟ್ಟಿಗೆಯ ಮೇಲೂ 45-70 ಎಂದಿದೆ, ತೋಟಾ ಒಳಗೆ ಸಲೀಸಾಗಿ ಕೂರುತ್ತದೆ. ಇನ್ನೇನು ತೊಂದರೆ?

ತೊಂದರೆ ಇರುವುದೇ ಅಲ್ಲಿ. ತೋಟಾ ಹೊಂದುವುದು ಬೇರೆ, ರೈಫಲ್ಲು ಅದನ್ನು ತಾಳುವುದು ಬೇರೆ. ಈ ಲೇಖನದಲ್ಲಿ ನಾವು ಹೇಳಹೊರಟಿರುವುದು ಈ ಒಂದೇ ಮಾತನ್ನು. ಉಳಿದದ್ದೆಲ್ಲ ಅದರ ವಿವರಣೆ.

ಕರಿಮದ್ದಿನಿಂದ ಹೊಗೆರಹಿತ ಮದ್ದಿಗೆ

ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೆ ಬಂದೂಕಿಗೆ ಇದ್ದ ಮದ್ದು ಒಂದೇ: ಪೆಟ್ಲುಪ್ಪು, ಇದ್ದಿಲು, ಗಂಧಕ ಬೆರೆಸಿದ ಕರಿಮದ್ದು. ಅದು ಭುಗ್ಗೆಂದು ಉರಿಯುತ್ತದೆ, ದಟ್ಟ ಹೊಗೆ ಬಿಡುತ್ತದೆ, ನಳಿಗೆಯಲ್ಲಿ ಮಸಿ ಕಟ್ಟುತ್ತದೆ. ಆದರೆ ಅದು ಎಬ್ಬಿಸುವ ಒತ್ತಡಕ್ಕೆ ಒಂದು ಮಿತಿ ಇತ್ತು. ಆ ಕಾಲದ ಉಕ್ಕು, ಕಬ್ಬಿಣಗಳು ಆ ಮಿತಿಗೆ ತಕ್ಕಂತೆಯೇ ಇದ್ದವು.

1880ರ ದಶಕದ ಮಧ್ಯದಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಪಾಲ್ ವಿಯೆಯ್ ಹೊಗೆರಹಿತ ಮದ್ದನ್ನು ಸಿದ್ಧಪಡಿಸಿದರು. ಅಷ್ಟೇ ತೂಕದ ಕರಿಮದ್ದಿಗಿಂತ ಇದರ ಶಕ್ತಿ ಬಹಳ ಹೆಚ್ಚು. ಹತ್ತು ವರ್ಷಗಳೊಳಗೆ ಬಂದೂಕಿನ ಲೋಕವೇ ಬದಲಾಯಿತು. ಲಿವರ್ ರೈಫಲ್ಲುಗಳ ಪ್ರಸಿದ್ಧ ಮಾದರಿಗಳು ಹುಟ್ಟಿದ್ದು ಈ ಬದಲಾವಣೆಯ ಹಿಂದುಮುಂದಿನಲ್ಲಿ. 1866, 1873, 1876, 1886ರ ವಿಂಚೆಸ್ಟರ್ ಮಾದರಿಗಳು ಕರಿಮದ್ದಿನ ಕಾಲದ ಕೂಸುಗಳು. 1894ರ ಮಾದರಿ ಕರಿಮದ್ದಿನ 32-40 ಮತ್ತು 38-55 ತೋಟಾಗಳೊಂದಿಗೆ ಆರಂಭವಾಗಿ, ಮರುವರ್ಷವೇ ಹೊಗೆರಹಿತ ಮದ್ದಿನ 30-30 ತೋಟಾಕ್ಕೆ ಬಂತು. ಅದಕ್ಕಾಗಿ ಕಂಪನಿಯವರು ನಳಿಗೆಯನ್ನು ನಿಕಲ್ ಬೆರೆತ ಗಟ್ಟಿ ಉಕ್ಕಿನಿಂದ ಮಾಡಿದರು. ಅಂದರೆ 1894ರದೆಂದು ಕರೆಯುವ ಎರಡು ರೈಫಲ್ಲುಗಳನ್ನು ಪಕ್ಕಪಕ್ಕದಲ್ಲಿಟ್ಟರೆ ನೋಡಲು ಅವಳಿ. ನಳಿಗೆಯ ಲೋಹ ಮಾತ್ರ ಬೇರೆ ಬೇರೆ ಇರಬಹುದು.

ಒತ್ತಡ ಎಂದರೆ ಎಷ್ಟು ಎಂಬ ಕಲ್ಪನೆಗೆ ಅಡುಗೆಮನೆಯ ಕುಕ್ಕರನ್ನೇ ನೆನೆಯಿರಿ. ಅದು ಸೀಟಿ ಹೊಡೆಯುವುದು ಚದರಂಗುಲಕ್ಕೆ ಸುಮಾರು 15 ಪೌಂಡ್ ಒತ್ತಡದಲ್ಲಿ. ಅಷ್ಟಕ್ಕೇ ನಾವು ಮುಚ್ಚಳದ ಬಗ್ಗೆ ಎಚ್ಚರ ವಹಿಸುತ್ತೇವೆ. ಅಮೆರಿಕದ ತೋಟಾ ತಯಾರಕರ ಸಂಸ್ಥೆ ನಿಗದಿ ಮಾಡಿರುವ ಗರಿಷ್ಠ ಒತ್ತಡ 44-40 ತೋಟಾಕ್ಕೆ 11,000 ಪೌಂಡ್, 45-70ಕ್ಕೆ 28,000 ಪೌಂಡ್, 30-30ಕ್ಕೆ 42,000 ಪೌಂಡ್. ಕುಕ್ಕರಿನ ಏಳುನೂರು ಪಟ್ಟಿನಿಂದ ಎರಡು ಸಾವಿರದ ಎಂಟುನೂರು ಪಟ್ಟಿನವರೆಗೆ! ಇದೆಲ್ಲ ನಡೆಯುವುದು ನಿಮ್ಮ ಕಣ್ಣಿನಿಂದ ಗೇಣು ದೂರದಲ್ಲಿ. ತೋಟಾದ ಬುಡ ಸೀಳಿದರೆ ಬೆಂಕಿಯಂಥ ಅನಿಲ ಹಿಮ್ಮುಖವಾಗಿ ನುಗ್ಗುತ್ತದೆ. ಈ ರೈಫಲ್ಲುಗಳಲ್ಲಿ ಬಹಳಷ್ಟು ಮೇಲ್ಭಾಗ ತೆರೆದಿರುವಂಥವು. ಮೊದಲು ಅಪಾಯಕ್ಕೆ ಸಿಗುವುದು ಕಣ್ಣು.

ಬೀಗ ಎಷ್ಟು ಗಟ್ಟಿ?

ಗುಂಡು ಮುಂದಕ್ಕೆ ಹೋಗುವಾಗ ಅಷ್ಟೇ ಬಲ ತೋಟಾದ ಬುಡವನ್ನು ಹಿಂದಕ್ಕೆ ಒತ್ತುತ್ತದೆ. ಆ ಬಲವನ್ನು ತಡೆಯುವುದು ಚಿಲಕ ಮತ್ತು ಅದರ ಬೀಗ. ಎಲ್ಲ ಲಿವರ್ ರೈಫಲ್ಲುಗಳ ಬೀಗ ಒಂದೇ ತೆರನಲ್ಲ.

1873ರ ವಿಂಚೆಸ್ಟರಿನಲ್ಲಿರುವುದು ನಮ್ಮ ಮೊಣಕಾಲಿನಂಥ ಕೀಲು. ನೇರವಾಗಿ ನಿಂತಾಗ ಭಾರ ತಡೆಯುತ್ತದೆ, ಲಿವರ್ ಕೆಳಗಿಳಿಸಿದಾಗ ಮಡಚುತ್ತದೆ. ಹೆಂಚಿನ ಮನೆಯ ಕಂಬಕ್ಕೆ ತಾರಸಿಯ ಭಾರ ಹೊರಿಸಿದ ಹಾಗೆ, ಈ ಕೀಲಿಗೆ ಅದರ ಕಾಲದ ತೋಟಾಕ್ಕಿಂತ ಹೆಚ್ಚಿನದನ್ನು ಹೊರಿಸಬಾರದು. ಸುಮಾರು 7 ಲಕ್ಷ 20 ಸಾವಿರ ತಯಾರಾದ ಈ ಮಾದರಿ ಅತ್ಯಂತ ಜನಪ್ರಿಯ. ಆದರೆ ಜನಪ್ರಿಯತೆ ಬಲದ ಅಳತೆಯಲ್ಲ. ಅದಕ್ಕೂ ಮುಂಚಿನ 1866ರ ಹಳದಿ ಲೋಹದ ಚೌಕಟ್ಟಿನ ರೈಫಲ್ಲು ಇನ್ನೂ ಮೆದು. ಆಮೇಲೆ ಜಾನ್ ಮೋಸಸ್ ಬ್ರೌನಿಂಗ್ ಎಂಬ ಮಹಾ ಕುಶಲಿಗ 1886 ಮತ್ತು 1892ರ ಮಾದರಿಗಳಲ್ಲಿ ಮೊಣಕಾಲು ಕೀಲನ್ನು ಬಿಟ್ಟು, ಚಿಲಕದ ಎರಡೂ ಪಕ್ಕ ಕೆಳಗಿನಿಂದೆದ್ದು ನಿಲ್ಲುವ ಉಕ್ಕಿನ ಅಡ್ಡಪಟ್ಟಿಗಳನ್ನು ಅಳವಡಿಸಿದ. ಇವು ಬಹಳ ಗಟ್ಟಿ.

ಹೆಸರು ಒಂದೇ, ಒಳಗಿನದು ಬೇರೆ

ತೋಟಾದ ಹೆಸರಿನಲ್ಲಿರುವ ಅಂಕಿಗಳ ಗುಟ್ಟನ್ನು ತಿಳಿದುಕೊಳ್ಳೋಣ. 44-40 ಎಂಬಲ್ಲಿ ಮೊದಲನೆಯದು ಗುಂಡಿನ ದಪ್ಪ, ಅಂಗುಲದ ನೂರನೆಯ ಭಾಗಗಳಲ್ಲಿ. ಎರಡನೆಯದು ಕರಿಮದ್ದಿನ ತೂಕ, ಗ್ರೇನ್ ಲೆಕ್ಕದಲ್ಲಿ. 40 ಗ್ರೇನ್ ಎಂದರೆ ಸುಮಾರು 2.6 ಗ್ರಾಂ; 45-70ರ 70 ಗ್ರೇನ್ ಸುಮಾರು 4.5 ಗ್ರಾಂ. ಆದರೆ 30-30ರಲ್ಲಿ ಎರಡನೆಯ 30 ಕರಿಮದ್ದಿನದಲ್ಲ, ಹೊಗೆರಹಿತ ಮದ್ದಿನದು. ಇನ್ನು 38-40 ಎಂಬ ತೋಟಾದ ಗುಂಡಿನ ದಪ್ಪ ನಿಜವಾಗಿ ಅಂಗುಲದ ನೂರರಲ್ಲಿ 40 ಭಾಗ! ಆದ್ದರಿಂದ ಹೆಸರನ್ನು ನಂಬಿ ಲೆಕ್ಕ ಹಾಕುವಂತಿಲ್ಲ.

ಹೆಸರು ಹೇಗೆ ಮೋಸ ಮಾಡುತ್ತದೆ ಎಂಬುದಕ್ಕೆ ಎರಡು ಉದಾಹರಣೆಗಳು.

ಮೊದಲನೆಯದು 44-40. 1873ರ ಮೊಣಕಾಲು ಕೀಲಿನ ರೈಫಲ್ಲಿಗೂ, 1892ರ ಗಟ್ಟಿ ರೈಫಲ್ಲಿಗೂ ಇದೇ ತೋಟಾ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವಿಂಚೆಸ್ಟರ್ ಕಂಪನಿಯವರು 1892ರ ಮಾದರಿಯ ಬಲವನ್ನು ನೆಚ್ಚಿ ಹೆಚ್ಚು ವೇಗದ 44-40 ತೋಟಾಗಳನ್ನು ಮಾರುಕಟ್ಟೆಗೆ ತಂದರು. 1873ರ ರೈಫಲ್ಲಿಗೆ ಇದನ್ನು ಹಾಕಬೇಡಿ ಎಂದು ಪೆಟ್ಟಿಗೆಯ ಮೇಲೆ ಎಚ್ಚರಿಕೆಯನ್ನೂ ಮುದ್ರಿಸಿದರು. ಆದರೆ ಪೆಟ್ಟಿಗೆ ಹರಿದು ತೋಟಾಗಳು ಬಿಡಿಯಾದ ಮೇಲೆ ಎಚ್ಚರಿಕೆ ಎಲ್ಲಿಯದು? ಒಂದೇ ಅಳತೆಯ ತೋಟಾ ಎರಡರಲ್ಲೂ ಕೂರುತ್ತದೆ.

ಎರಡನೆಯದು 45-70. ಇದು 1873ರಲ್ಲಿ ಅಮೆರಿಕದ ಸೇನೆಯ ಒಂಟಿ ತೋಟಾದ ಸ್ಪ್ರಿಂಗ್‌ಫೀಲ್ಡ್ ರೈಫಲ್ಲಿಗಾಗಿ ಬಂದದ್ದು. 1886ರ ವಿಂಚೆಸ್ಟರ್ ಲಿವರ್ ರೈಫಲ್ಲೂ ಇದನ್ನು ನುಂಗುತ್ತದೆ. 1970ರ ದಶಕದಲ್ಲಿ ಮತ್ತೆ ಬಂದ ಮಾರ್ಲಿನ್ ಲಿವರ್ ರೈಫಲ್ಲುಗಳೂ ನುಂಗುತ್ತವೆ. ಇಂದು ಅಂಗಡಿಯಲ್ಲಿ ಸಿಗುವ 45-70 ತೋಟಾಗಳಲ್ಲಿ ಹಳೆಯ ರೈಫಲ್ಲುಗಳನ್ನು ಗಮನದಲ್ಲಿಟ್ಟು ಮೆದುವಾಗಿ ತುಂಬಿದವೂ ಇವೆ, ಹೊಸ ಗಟ್ಟಿ ರೈಫಲ್ಲುಗಳಿಗೆ ಮಾತ್ರ ಸಲ್ಲುವ ಭಾರಿ ತೋಟಾಗಳೂ ಇವೆ. ಪೆಟ್ಟಿಗೆಯ ಮೇಲಿನ ದೊಡ್ಡ ಅಕ್ಷರ ಒಂದೇ. ವ್ಯತ್ಯಾಸವಿರುವುದು ಸಣ್ಣ ಅಕ್ಷರಗಳಲ್ಲಿ. ಔಷಧಿ ಬಾಟಲಿಯ ಸಣ್ಣ ಅಕ್ಷರಗಳನ್ನು ಓದುವ ಶ್ರದ್ಧೆಯಿಂದ ಇವನ್ನೂ ಓದಬೇಕು.

ಇನ್ನೊಂದು ಮಾತು. 1892ರ ಹಲವು ರೈಫಲ್ಲುಗಳನ್ನು ನಂತರದ ಕಾಲದಲ್ಲಿ ಕೊರೆದು 44 ಮ್ಯಾಗ್ನಂ ತೋಟಾಕ್ಕೆ ಮಾರ್ಪಡಿಸಿದ್ದುಂಟು. ಅದರ ಗರಿಷ್ಠ ಒತ್ತಡ 36,000 ಪೌಂಡ್. ಮಾರ್ಪಾಡಾದ ರೈಫಲ್ಲಿನ ಮೇಲೆ ಹಳೆಯ ಗುರುತು ಅಳಿಯದೆ ಉಳಿದಿರಬಹುದು. ನಳಿಗೆಯ ಮೇಲಿನ ಅಕ್ಷರ ತಯಾರಾದ ದಿನದ ಸಂಗತಿಯನ್ನು ಹೇಳುತ್ತದೆ, ಇಂದಿನದನ್ನಲ್ಲ.

ಗುಂಡಿನ ಮೂತಿ

ಮದ್ದಿನಷ್ಟೇ ಮುಖ್ಯವಾದದ್ದು ಗುಂಡಿನ ಆಕಾರ. ಬಹುತೇಕ ಲಿವರ್ ರೈಫಲ್ಲುಗಳಲ್ಲಿ ನಳಿಗೆಯ ಕೆಳಗೆ ಒಂದು ಕೊಳವೆ ಇರುತ್ತದೆ. ತೋಟಾಗಳು ಅದರೊಳಗೆ ಒಂದರ ಹಿಂದೊಂದು ಸಾಲಾಗಿ ಮಲಗಿರುತ್ತವೆ. ಹಿಂದಿನ ತೋಟಾದ ಗುಂಡಿನ ಮೂತಿ ಮುಂದಿನ ತೋಟಾದ ಬುಡಕ್ಕೆ, ಅಂದರೆ ಅದರ ಕೇಪಿಗೆ, ನೇರವಾಗಿ ತಾಗಿರುತ್ತದೆ. ಮೂತಿ ಚೂಪಾಗಿದ್ದರೆ ಒಂದು ಈಡು ಹೊಡೆದಾಗ ಆಗುವ ಹಿಂದೊದೆತಕ್ಕೆ ಅದೇ ಮೊಳೆಯಾಗಿ ಕೇಪನ್ನು ಕುಟ್ಟಿ, ಕೊಳವೆಯೊಳಗೇ ತೋಟಾ ಸಿಡಿಯಬಹುದು. ಆ ಕೊಳವೆಯ ಮೇಲೆಯೇ ನಿಮ್ಮ ಎಡಗೈ ಇರುತ್ತದೆ.

ಆದ್ದರಿಂದ ಕೊಳವೆಯಿರುವ ರೈಫಲ್ಲಿಗೆ ಚಪ್ಪಟೆ ಮೂತಿಯ ಗುಂಡೇ ಆಗಬೇಕು. ಇದಕ್ಕೆ ಒಂದು ಅಪವಾದವಿದೆ. ಚೂಪಾಗಿದ್ದರೂ ರಬ್ಬರಿನಂತೆ ಬಾಗುವ ಮೆದು ಪ್ಲಾಸ್ಟಿಕ್ ತುದಿಯ ಗುಂಡುಗಳು ಈ ಶತಮಾನದಲ್ಲಿ ಬಂದಿವೆ. ಕೊಳವೆಗೆ ಸಲ್ಲುತ್ತದೆಂದು ತಯಾರಕರೇ ಪೆಟ್ಟಿಗೆಯ ಮೇಲೆ ಬರೆದಿದ್ದರೆ ಮಾತ್ರ ಅವನ್ನು ಕೊಳವೆಗೆ ತುಂಬಬಹುದು. ಆದರೆ ಆ ತೋಟಾಗಳ ಒತ್ತಡ ನಿಮ್ಮ ಹಳೆಯ ರೈಫಲ್ಲಿಗೆ ಒಪ್ಪುತ್ತದೆಯೇ ಎಂಬ ಪ್ರಶ್ನೆ ಬೇರೆಯೇ ಉಳಿಯುತ್ತದೆ. ಆಂಡರ್ಸನ್ನರ 1895ರ ಮಾದರಿಗೆ ಈ ಕೊಳವೆಯ ಭಯ ಇರಲಿಲ್ಲ. ಅದರಲ್ಲಿ ತೋಟಾಗಳು ಪೆಟ್ಟಿಗೆಯೊಳಗೆ ಒಂದರ ಮೇಲೊಂದು ಕೂರುತ್ತವೆ. ಮೂತಿ ಕೇಪಿಗೆ ತಾಗುವುದಿಲ್ಲ.

ಗುಂಡಿನ ಹೊದಿಕೆಯನ್ನೂ ನೋಡಬೇಕು. ಕರಿಮದ್ದಿನ ಕಾಲದ ಮೆದು ಉಕ್ಕಿನ ನಳಿಗೆ ಬರಿಯ ಸೀಸದ ಗುಂಡಿಗಾಗಿ ಮಾಡಿದ್ದು. ತಾಮ್ರದ ಹೊದಿಕೆಯ ಗುಂಡು ಅದರ ಸುರುಳಿ ಗೆರೆಗಳನ್ನು ಬೇಗ ಸವೆಸುತ್ತದೆ. ಅಮೆರಿಕದಲ್ಲಿ 1980ರ ದಶಕದಿಂದ ಬೆಳೆದ ಕೌಬಾಯ್ ಶೂಟಿಂಗ್ ಎಂಬ ಕ್ರೀಡೆಯ ದೆಸೆಯಿಂದ, ಸೀಸದ ಗುಂಡು ಮತ್ತು ಕಡಿಮೆ ಒತ್ತಡದ ತೋಟಾಗಳು ಈಗ ಕೌಬಾಯ್ ತೋಟಾ ಎಂಬ ಹೆಸರಿನಲ್ಲೇ ಸಿಗುತ್ತವೆ. 44-40, 45-70ರಂಥ ಹಳೆಯ ತೋಟಾಗಳಿಗೆ, ರೈಫಲ್ಲು ಆರೋಗ್ಯವಾಗಿದ್ದಲ್ಲಿ, ಇವು ವಿವೇಕದ ಆಯ್ಕೆ.

ತೋಟಾ ಕೊಳ್ಳುವ ಮುನ್ನ

ಈಗ ಕ್ರಮವಾಗಿ ಮಾಡಬೇಕಾದುದನ್ನು ಹೇಳುತ್ತೇವೆ.

1. ಮೊದಲು ರೈಫಲ್ಲಿನಲ್ಲಿ ತೋಟಾ ಉಳಿದಿಲ್ಲವೆಂದು ಖಚಿತಪಡಿಸಿಕೊಳ್ಳಿ. ನಳಿಗೆಯ ಬುಡವನ್ನು ನೋಡಿದರೆ ಸಾಲದು, ಕೊಳವೆಯನ್ನೂ ನೋಡಬೇಕು. ದಶಕಗಳ ಹಿಂದೆ ತುಂಬಿಟ್ಟ ತೋಟಾ ಅಲ್ಲೇ ಕೂತಿರಬಹುದು.

2. ರೈಫಲ್ಲಿನ ಮಾದರಿ ಮತ್ತು ಕ್ರಮಸಂಖ್ಯೆಯಿಂದ ಅದು ತಯಾರಾದ ವರ್ಷ ಪತ್ತೆ ಮಾಡಿ. ವಿಂಚೆಸ್ಟರ್ ಕಾರ್ಖಾನೆಯ ಹಳೆಯ ದಾಖಲೆಗಳು ಅಮೆರಿಕದ ವಯೋಮಿಂಗ್ ರಾಜ್ಯದ ಕೋಡಿ ಪಟ್ಟಣದ ವಸ್ತುಸಂಗ್ರಹಾಲಯದಲ್ಲಿವೆ. ದಾಖಲೆ ಉಳಿದಿರುವ ಕ್ರಮಸಂಖ್ಯೆಯಾದರೆ, ಶುಲ್ಕ ಕೊಟ್ಟವರಿಗೆ ರೈಫಲ್ಲು ಹೊರಬಿದ್ದಾಗ ಹೇಗಿತ್ತೆಂದು ಪತ್ರ ಬರೆದು ಕೊಡುತ್ತಾರೆ. ಇಂದಿನ ಸ್ಥಿತಿಯನ್ನು ಆ ಪತ್ರದೊಂದಿಗೆ ಹೋಲಿಸಿದರೆ ನಡುವೆ ಯಾರಾದರೂ ಕೈಯಾಡಿಸಿದ್ದಾರೆಯೇ ಎಂದು ತಿಳಿಯುತ್ತದೆ.

3. ನಳಿಗೆಯ ಮೇಲಿನ ಬರಹವನ್ನು ಭೂತಗನ್ನಡಿಯಲ್ಲಿ ಓದಿ. ನಿಕಲ್ ಉಕ್ಕು, ಹೊಗೆರಹಿತ ಮದ್ದಿಗಾಗಿ ವಿಶೇಷ ಉಕ್ಕು ಎಂಬರ್ಥದ ಇಂಗ್ಲಿಷ್ ಮಾತುಗಳು ವಿಂಚೆಸ್ಟರ್, ಮಾರ್ಲಿನ್ ನಳಿಗೆಗಳ ಮೇಲೆ ಇರುತ್ತವೆ. ಹಳೆಯ ರೈಫಲ್ಲಿನಲ್ಲಿ ಅಂಥ ಗುರುತೇ ಇಲ್ಲದಿದ್ದರೆ ಕರಿಮದ್ದಿನ ನಳಿಗೆಯೆಂದೇ ಎಣಿಸಿ ನಡೆಯಿರಿ.

4. ಅನುಭವಿ ಬಂದೂಕು ಕುಶಲಕರ್ಮಿಯಿಂದ ಪರೀಕ್ಷೆ ಮಾಡಿಸಿ. ತೋಟಾ ಕೂರುವ ಗೂಡಿಗೆ ಮೆದು ಲೋಹ ಎರೆದು ಅಚ್ಚು ತೆಗೆದು ಅವರು ಅದರ ನಿಜವಾದ ಅಳತೆ ಕಂಡುಹಿಡಿಯುತ್ತಾರೆ. ನಳಿಗೆಯೊಳಗೆ ಸೀಸದ ಉಂಡೆ ತಳ್ಳಿ ಅದರ ವ್ಯಾಸ ಅಳೆಯುತ್ತಾರೆ. ಹಳೆಯ ನಳಿಗೆಗಳಲ್ಲಿ ಈ ಅಳತೆ ಒಂದರಿಂದೊಂದಕ್ಕೆ ಬದಲಾಗುತ್ತದೆ. ತೋಟಾದ ಬುಡಕ್ಕೂ ಚಿಲಕದ ಮುಖಕ್ಕೂ ನಡುವಿನ ಸಂದು ಮಿತಿಮೀರಿದೆಯೇ, ಕೀಲುಗಳು ಸವೆದಿವೆಯೇ, ಚೌಕಟ್ಟಿನಲ್ಲಿ ಕೂದಲೆಳೆಯ ಬಿರುಕಿದೆಯೇ, ಅರ್ಧ ಎತ್ತಿದ ಕುದುರೆ ಜಾರದೆ ನಿಲ್ಲುತ್ತದೆಯೇ ಎಂಬುದನ್ನೆಲ್ಲ ನೋಡುತ್ತಾರೆ.

5. ಇವೆಲ್ಲ ಆದ ಮೇಲೆ ಮಾತ್ರ ತೋಟಾ. ಮೂರನ್ನೂ ಒಟ್ಟಿಗೆ ಹೊಂದಿಸಿ: ಒತ್ತಡ ರೈಫಲ್ಲಿಗೆ ತಕ್ಕದ್ದೇ? ಮೂತಿ ಚಪ್ಪಟೆಯೇ? ಗುಂಡಿನ ದಪ್ಪ ಮತ್ತು ಹೊದಿಕೆ ನಳಿಗೆಗೆ ಒಪ್ಪುವುದೇ? ಒಂದಕ್ಕೆ ಉತ್ತರ ಸಿಗದಿದ್ದರೂ ನಿಲ್ಲಿಸಿ.

6. ಹಾರಿಸುವಾಗ ಕಣ್ಣಿಗೆ ರಕ್ಷಣೆಯ ಕನ್ನಡಕ, ಕಿವಿಗೆ ಮುಚ್ಚಳ ತಪ್ಪಬಾರದು.

ತಪ್ಪು ತಿಳಿವಳಿಕೆಗಳು

ಈ ವಿಷಯದಲ್ಲಿ ಮತ್ತೆ ಮತ್ತೆ ಕೇಳಿಬರುವ ಕೆಲವು ಮಾತುಗಳಿವೆ. ಅವುಗಳಿಗೆ ಉತ್ತರ ಕೊಡುವುದು ಅಗತ್ಯ.

"ಒಂದು ಪೆಟ್ಟಿಗೆ ಹಾರಿಸಿದೆ, ಏನೂ ಆಗಲಿಲ್ಲ." ತಂತಿಯನ್ನು ಹಿಂದೆಮುಂದೆ ಬಗ್ಗಿಸುತ್ತಾ ಹೋದರೆ ಮೊದಲ ಹತ್ತು ಸಲ ಏನೂ ಆಗುವುದಿಲ್ಲ, ಹನ್ನೊಂದನೆಯ ಸಲ ತುಂಡಾಗುತ್ತದೆ. ಲೋಹದ ದಣಿವು ಕಣ್ಣಿಗೆ ಕಾಣುವುದಿಲ್ಲ. ನಿನ್ನೆ ತಾಳಿದ್ದು ನಾಳೆಗೆ ಸಾಕ್ಷಿಯಲ್ಲ.

"ಒತ್ತಡ ಹೆಚ್ಚಾದರೆ ಕೇಪು ಚಪ್ಪಟೆಯಾಗುತ್ತದೆ, ಆಗ ನಿಲ್ಲಿಸಿದರಾಯಿತು." ಹೊಸ ಗಟ್ಟಿ ರೈಫಲ್ಲಿನಲ್ಲಿ ಈ ಮಾತಿಗೆ ಅಷ್ಟಿಷ್ಟು ಅರ್ಥವುಂಟು. ಆದರೆ ಕೇಪು ಚಪ್ಪಟೆಯಾಗಲು ಬೇಕಾದ ಒತ್ತಡ 1873ರ ಮಾದರಿಯಂಥ ರೈಫಲ್ಲು ತಾಳುವ ಒತ್ತಡಕ್ಕಿಂತ ಬಹಳ ಮೇಲಿನದು. ಗುರುತು ಕಾಣುವ ಮೊದಲೇ ರೈಫಲ್ಲು ಕೆಟ್ಟಿರುತ್ತದೆ.

"ಹಳೆಯ ರೈಫಲ್ಲಿಗೆ ಹಳೆಯ ತೋಟಾವೇ ಸರಿ." ಇದಂತೂ ಸಲ್ಲದು. ನೂರು ವರ್ಷದ ಪೆಟ್ಟಿಗೆಗೆ ಸಂಗ್ರಾಹಕರ ಬಳಿ ಬೆಲೆ ಇರಬಹುದು. ಒಳಗಿನ ಹಿತ್ತಾಳೆ ಪೆಡಸಾಗಿ ಬಿರುಕುಬಿಟ್ಟಿರಬಹುದು, ಮದ್ದು ಕೆಟ್ಟಿರಬಹುದು. ಕೆಟ್ಟ ಮದ್ದು ಅರೆಬರೆ ಉರಿದು ಗುಂಡು ನಳಿಗೆಯ ನಡುವೆ ಸಿಕ್ಕಿಕೊಂಡಿದ್ದು ತಿಳಿಯದೆ ಇನ್ನೊಂದು ಈಡು ಹೊಡೆದರೆ ನಳಿಗೆಯೇ ಸೀಳುತ್ತದೆ. ಹಳೆಯ ಕೇಪುಗಳ ಉರಿದ ಶೇಷ ಒಂದು ಬಗೆಯ ಉಪ್ಪು. ಅದು ಗಾಳಿಯ ತೇವ ಹೀರಿ ನಳಿಗೆಗೆ ತುಕ್ಕು ಹಿಡಿಸುತ್ತದೆ. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ, ನೀರಿನಲ್ಲಿ ಕರಗುತ್ತದೆ. ಹಾಗಾಗಿ ಕರಿಮದ್ದು ಅಥವಾ ಅಂಥ ಕೇಪು ಬಳಸಿದ ನಳಿಗೆಯನ್ನು ಅಂದೇ ಬಿಸಿ ಸಾಬೂನು ನೀರಿನಲ್ಲಿ ತೊಳೆದು, ಒರೆಸಿ, ಆಮೇಲೆ ಎಣ್ಣೆ ಹಚ್ಚಬೇಕು.

"1898ರ ಹಿಂದಿನದು ಕಾನೂನಿನಲ್ಲಿ ಪುರಾತನ, ನಂತರದ್ದು ಆಧುನಿಕ, ಹಾಗಾಗಿ ನನ್ನದು ಗಟ್ಟಿ." ಅಮೆರಿಕದ 1968ರ ಬಂದೂಕು ನಿಯಂತ್ರಣ ಕಾಯ್ದೆ 1898ರ ಕೊನೆಯೊಳಗೆ ತಯಾರಾದ ಬಂದೂಕುಗಳನ್ನು ಪುರಾತನ ಎಂದು ಗುರುತಿಸುವುದು ನಿಜ. ಅದು ಕಾಗದದ ಮೇಲಿನ ಗೆರೆ. ಉಕ್ಕಿಗೆ ಕಾಯ್ದೆ ಓದಲು ಬಾರದು.

"ಗೆಳೆಯನ 1873ರ ರೈಫಲ್ಲು 357 ಮ್ಯಾಗ್ನಂ ತೋಟಾ ಹಾರಿಸುತ್ತದಲ್ಲ?" ಅದು ಇಟಲಿಯಲ್ಲಿ ಇತ್ತೀಚಿನ ಉಕ್ಕಿನಿಂದ ತಯಾರಾದ ಪ್ರತಿರೂಪ. ಅಲ್ಲಿನ ಸರ್ಕಾರಿ ಪರೀಕ್ಷಾಲಯದ ಮುದ್ರೆ ಅದರ ಮೇಲಿರುತ್ತದೆ. ರೂಪ ಒಂದೇ, ವಯಸ್ಸು ಬೇರೆ.

ನಮ್ಮ ನೆಲದ ಮಾತು

ನಮ್ಮ ರಾಜ್ಯದಲ್ಲಿ ಲಿವರ್ ರೈಫಲ್ಲು ಅಪರೂಪ. ಆದರೆ ಹಳೆಯ ಬಂದೂಕು ಅಪರೂಪವಲ್ಲ. ಕೊಡಗಿನಲ್ಲಿ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಪರವಾನಗಿಯಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದೆ. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜೆ ಮಾಡುವ ಮನೆಗಳಲ್ಲಿ ಅಜ್ಜಂದಿರ ಕಾಲದ ಕೋವಿಗಳೂ ಉಂಟು. ಮಲೆನಾಡಿನ ಮನೆಗಳಲ್ಲೂ ಇಂಗ್ಲೆಂಡಿನ ಹಳೆಯ ಜೋಡುನಳಿಗೆಗಳು ಪರವಾನಗಿಯ ಮೇಲೆ ಉಳಿದಿವೆ. ವಿಂಚೆಸ್ಟರಿಗೆ ಹೇಳಿದ ಸೂತ್ರ ಇವಕ್ಕೂ ಅನ್ವಯಿಸುತ್ತದೆ.

ಇಂಗ್ಲೆಂಡಿನ ಕೋವಿಗಳಲ್ಲಿ ಒಂದು ಅನುಕೂಲವಿದೆ. ಅಮೆರಿಕದಲ್ಲಿಲ್ಲದ ಕಡ್ಡಾಯ ಪರೀಕ್ಷೆ ಅಲ್ಲಿ ಉಂಟು. ಲಂಡನ್ ಮತ್ತು ಬರ್ಮಿಂಗ್‌ಹ್ಯಾಮ್ ಪರೀಕ್ಷಾಲಯಗಳ ಮುದ್ರೆ ನಳಿಗೆಯ ಬುಡದಲ್ಲಿರುತ್ತದೆ. ಹೊಗೆರಹಿತ ಮದ್ದಿಗೆ ಪರೀಕ್ಷಿಸಿದ ಮುದ್ರೆ ಇಲ್ಲದಿದ್ದರೆ, ಅಥವಾ ನಳಿಗೆಯ ಮೇಲೆ ಹಾವಿನ ಪೊರೆಯಂಥ ಚಿತ್ತಾರವಿರುವ ಡಮಾಸ್ಕಸ್ ನಳಿಗೆಯಾಗಿದ್ದರೆ, ಇಂದಿನ ತೋಟಾ ಹಾಕುವ ಮುನ್ನ ಜಾಣರಿಗೆ ತೋರಿಸಿ. ಎರಡೂವರೆ ಅಂಗುಲದ ಗೂಡಿಗೆ ಎರಡೂ ಮುಕ್ಕಾಲು ಅಂಗುಲದ ತೋಟಾ ಸಲೀಸಾಗಿ ಕೂರುತ್ತದೆ. ಅದರ ಬಾಯಿ ಬಿಚ್ಚಿಕೊಳ್ಳಲು ಜಾಗವಿಲ್ಲದೆ ಒತ್ತಡ ಏರುತ್ತದೆ. ಇಲ್ಲಿಯೂ ಹೊಂದುವುದು ಬೇರೆ, ತಾಳುವುದು ಬೇರೆ.

1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ತೋಟಾ ತಯಾರಿಸುವುದು ಅಪರಾಧ. ಅಮೆರಿಕದ ಹವ್ಯಾಸಿಗಳು ಮನೆಯಲ್ಲೇ ತೋಟಾ ತುಂಬಿಕೊಳ್ಳುತ್ತಾರೆಂದು ಕೇಳಿ ನಮ್ಮಲ್ಲಿ ಯಾರೂ ಆ ಪ್ರಯೋಗಕ್ಕೆ ಇಳಿಯಬಾರದು. ಅಲ್ಲಿಯೂ ಅದು ಕಲಿತವರ ಕೆಲಸ. ಕರಿಮದ್ದಿಗಾಗಿ ಮಾಡಿದ ದೊಡ್ಡ ಓಡಿನಲ್ಲಿ ಹೊಗೆರಹಿತ ಮದ್ದು ತಳದಲ್ಲಿ ಸ್ವಲ್ಪವೇ ಕಾಣುತ್ತದೆ. ಮರೆತು ಎರಡು ಸಲ ಸುರಿದರೂ ಓಡು ತುಂಬಿ ಚೆಲ್ಲುವುದಿಲ್ಲ. ಆ ಮರೆವಿನಿಂದ ಒಡೆದ ರೈಫಲ್ಲುಗಳು ಕಡಿಮೆಯಲ್ಲ.

ಕೊನೆಯದಾಗಿ, ಓದುಗರೇ, ಎಲ್ಲ ಪರೀಕ್ಷೆಯ ನಂತರವೂ ಅನುಮಾನ ಉಳಿದರೆ ಏನು ಮಾಡಬೇಕು? ಹಾರಿಸಬಾರದು. ವಯಸ್ಸಾದ ಹಿರಿಯರನ್ನು ನಾವು ಗದ್ದೆ ಉಳಲು ಕಳುಹಿಸುವುದಿಲ್ಲ. ಜಗುಲಿಯ ಮೇಲೆ ಕೂರಿಸಿ ಅವರ ಮಾತು ಕೇಳುತ್ತೇವೆ. ಎಣ್ಣೆ ಹಚ್ಚಿ, ಬೀಗದ ಕಪಾಟಿನಲ್ಲಿಟ್ಟ ಹಳೆಯ ರೈಫಲ್ಲಿಗೂ ಅದೇ ಮರ್ಯಾದೆ. ಹಾರಿಸದ ರೈಫಲ್ಲಿನಿಂದ ಅದರ ಚರಿತ್ರೆಗೆ ಏನೂ ಕೊರತೆಯಾಗುವುದಿಲ್ಲ. ತಪ್ಪು ತೋಟಾದ ಒಂದು ಈಡಿನಿಂದ ಆ ಚರಿತ್ರೆಯೂ ಹೋಗುತ್ತದೆ, ಅದನ್ನು ಓದುವ ಕಣ್ಣೂ ಹೋಗುತ್ತದೆ.